ತೊಟ್ಟಿಯ ಕೆಳಗಿನ ಅಂಗೈ

ಒಂದಾನೊಂದು ಕಾಲದಲ್ಲಿ ಒಂದು ಬೆಟ್ಟವಿತ್ತು. ಅದಕ್ಕೆ ಏಳು ಸುತ್ತು. ದೇವರು ಮಾಡಿದ ಬೆಟ್ಟವಲ್ಲ ಅದು, ನಮ್ಮಜ್ಜಿ ಮಾಡಿದ್ದು. ತಲೆಯ ಮೇಲೆ ಹನ್ನೆರಡು ಹನ್ನೆರಡು ಇಟ್ಟಿಗೆ ಹೊತ್ತು, ಬೆಳಗಿನಿಂದ ಬೈಗಿನವರೆಗೆ ಹತ್ತಿ ಇಳಿದು, ಹತ್ತಿ ಇಳಿದು, ಒಂದೂವರೆ ವರ್ಷದಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಿದಳು. ಆಗ ಅವಳಿಗೆ ಹದಿನಾಲ್ಕು. ಬೆಟ್ಟದ ನೆತ್ತಿಯಲ್ಲಿ ಒಂದು ಗುರುತು ಬಿಟ್ಟು ಇಳಿದು ಬಂದವಳು ಮತ್ತೆ ಹತ್ತಲಿಲ್ಲ.

ಅಜ್ಜಿಯ ಕತೆಗಳೆಲ್ಲ ಹೀಗೇ ಶುರುವಾಗುತ್ತವೆ. ಇದೊಂದಕ್ಕೆ ಮಾತ್ರ ವಿಳಾಸವಿದೆ. ಬೆಟ್ಟವೆಂದರೆ ನಾವು ಬಾಡಿಗೆಗಿರುವ ಕಟ್ಟಡ: ಏಳು ಅಂತಸ್ತು, ಅಂತಸ್ತಿಗೆ ಹದಿನೆಂಟು ಮೆಟ್ಟಿಲು, ನಾನು ಹುಟ್ಟುವ ಮೊದಲೇ ಕೆಟ್ಟು ನಿಂತ ಒಂದು ಲಿಫ್ಟು.

ನಮ್ಮದು ನೆಲ ಅಂತಸ್ತಿನಲ್ಲಿ, ಮೆಟ್ಟಿಲ ಪಕ್ಕದ ಒಂದೇ ಕೋಣೆ. ಕಿಟಕಿಯ ಬೆಳಕಿಗೆ ನನ್ನ ಹೊಲಿಗೆ ಯಂತ್ರ; ಸಿದ್ಧ ಉಡುಪಿನ ಅಂಗಡಿಗಳಿಗೆ ಪ್ಯಾಂಟಿನ ಅಂಚು ಮಡಿಸಿ ಹೊಲಿಯುವುದು ನನ್ನ ಕೆಲಸ. ಗೋಡೆಗೆ ಒತ್ತಿಕೊಂಡು ಅಜ್ಜಿಯ ಮಂಚ. ಉಳಿದ ಜಾಗ ಅಕ್ಕನದು ಮತ್ತು ಅಕ್ಕನ ಹತ್ತು ವರ್ಷದ ಮಗಳು ಗುಬ್ಬಿಯದು. ಭಾವ ದೂರದ ಊರುಗಳಿಗೆ ಲಾರಿ ಓಡಿಸುತ್ತಾರೆ. ತಿಂಗಳಿಗೊಮ್ಮೆ ಬಂದು ನಿದ್ದೆ ಮಾಡಿ ಹೋಗುತ್ತಾರೆ.

ಗುಬ್ಬಿ ಏಳು ತಿಂಗಳಿಗೇ ಹುಟ್ಟಿದವಳು, ಅದಕ್ಕೇ ಆ ಹೆಸರು. ಅಕ್ಕ ಮೂರು ತಿಂಗಳು ಅವಳನ್ನು ಎದೆಗೆ ಕಟ್ಟಿಕೊಂಡೇ ಓಡಾಡಿದ್ದಳು. ಅವತ್ತಿನಿಂದ ಅಕ್ಕನಿಗೆ ಗೊತ್ತಿರುವುದು ಒಂದೇ: ತಿಂದ ಮಗು ಉಳಿಯುತ್ತದೆ. ಗುಬ್ಬಿ ತಿಂದಳು, ಉಳಿದಳು, ಉದ್ದ ಬೆಳೆದಳು, ಅದಕ್ಕಿಂತ ಹೆಚ್ಚು ಅಡ್ಡ ಬೆಳೆದಳು. ಶಾಲೆಯಲ್ಲಿ ಈಗ ಅವಳ ಹೆಸರು ಟ್ಯಾಂಕರ್.

ಅಕ್ಕ ಕುರುಕಲು ತಿಂಡಿಯ ಕಾರ್ಖಾನೆಯಲ್ಲಿ, ಪ್ಯಾಕೆಟ್ಟಿಗೆ ಸೀಲು ಒತ್ತುವ ಯಂತ್ರದ ಮುಂದೆ ನಿಲ್ಲುತ್ತಾಳೆ. ಸೀಲು ಸೊಟ್ಟಗೆ ಬಿದ್ದ ಪ್ಯಾಕೆಟ್ಟು ಅಂಗಡಿಗೆ ಹೋಗುವುದಿಲ್ಲ. ಶನಿವಾರ ಕೆಲಸದವರೇ ಹಂಚಿಕೊಳ್ಳುತ್ತಾರೆ. ಹಾಗಾಗಿ ಮಂಚದ ಕೆಳಗೆ ಯಾವಾಗಲೂ ಒಂದು ಚೀಲ, ಕಾಲು ತಾಗಿದರೆ ಸರಸರ. ಶಾಲೆ ಬಿಟ್ಟ ಮೇಲೆ ಗುಬ್ಬಿ ಹೊರಗೆ ಹೋಗುವಂತಿಲ್ಲ. ಓಣಿಯ ಕೊನೆಯಲ್ಲಿ ಗೋದಾಮು, ಲಾರಿಗಳು ಹಿಂದೆ ನೋಡದೆ ಹಿಂದಕ್ಕೆ ಬರುತ್ತವೆ. ಶಾಲೆಯ ಅಂಗಳದಲ್ಲಿ ಹೊಸ ಕೋಣೆ ಎದ್ದ ಮೇಲೆ ಅಲ್ಲೂ ಆಟವಿಲ್ಲ. “ಬಾಗ್ಲು ಹಾಕ್ಕೊ, ಪ್ಯಾಕೆಟ್ ಬಿಚ್ಕೊ, ಮೊಬೈಲ್ ನೋಡ್ಕೊ, ಚಿಕ್ಕಿಗೆ ತೊಂದ್ರೆ ಕೊಡ್ಬೇಡ” ಎನ್ನುವುದು ಅಕ್ಕ ಬೆಳಿಗ್ಗೆ ಹೇಳಿ ಹೋಗುವ ಮಂತ್ರ. ಸುಳ್ಳು ಯಾಕೆ, ಆ ಮಂತ್ರ ನನಗೂ ಅನುಕೂಲವಾಗಿಯೇ ಇತ್ತು.

ಒಂದು ಸಂಜೆ ಬೀಗದ ಮಾವ ಮೆಟ್ಟಿಲ ಬುಡದಲ್ಲಿ ಒಂದು ಚೀಟಿ ಅಂಟಿಸಿದ. ಕಟ್ಟಡ ನೋಡಿಕೊಳ್ಳುವ ಮುದುಕ ಅವನು. ಛಾವಣಿಯ ಬಾಗಿಲ ಕೀಲಿ ಅವನ ಸೊಂಟದಲ್ಲೇ ಇರುವುದರಿಂದ ಆ ಹೆಸರು. ಚೀಟಿಯನ್ನು ನಾನು ಅಜ್ಜಿಗೆ ಓದಿ ಹೇಳಿದೆ. ಛಾವಣಿ ಸೋರುತ್ತಿದೆ, ಇನ್ನೆರಡು ತಿಂಗಳಿಗೆ, ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಪೂರ್ತಿ ಡಾಂಬರು ಬಳಿಯಲಾಗುವುದು.

ಅಜ್ಜಿ ಮಂಚದಲ್ಲಿ ಎದ್ದು ಕುಳಿತಳು. “ಪೂರ್ತಿನಾ? ನೀರಿನ ತೊಟ್ಟಿ ಕೆಳಗೂನಾ?”

“ಶುರುವಾಯ್ತು ಅಂಗೈ ಪುರಾಣ” ಎಂದಳು ಅಕ್ಕ, ಪಾತ್ರೆ ತೊಳೆಯುತ್ತ.

“ಪುರಾಣ ಅಲ್ವೇ, ನಡೆದಿದ್ದು. ಛಾವಣಿ ಹಾಕಿದ ದಿನ ಮೇಸ್ತ್ರಿ ಅಂದ: ಏ ಹುಡುಗಿ, ಮಾಲೀಕ ತನ್ನ ಹೆಸ್ರು ಬಾಗ್ಲ ಮೇಲೆ ಕಲ್ಲಲ್ಲಿ ಕೆತ್ತಿಸ್ತಾನೆ, ನಿನ್ನ ಹೆಸ್ರು ಯಾರು ಕೆತ್ತಿಸ್ತಾರೆ? ಹಸಿ ಇರೋವಾಗ್ಲೇ ಒತ್ತು ಕೈ. ತೊಟ್ಟಿಗೆ ನಾಲ್ಕು ಕಾಲು ನಿಲ್ಲಿಸೋ ಜಾಗದ ಮಧ್ಯೆ ಒತ್ತಿದೆ. ಸಿಮೆಂಟು ತಣ್ಣಗಿತ್ತು.” ಅಜ್ಜಿ ತನ್ನ ಬಲಗೈಯನ್ನು ತಾನೇ ನೋಡಿಕೊಂಡಳು. “ಯಾರಾದ್ರೂ ಹೋಗಿ ನೋಡ್ಕೊಂಡು ಬನ್ರೇ. ಇದೆಯೋ ಇಲ್ವೋ, ಅಷ್ಟು ಸಾಕು. ಮುಚ್ಚಿ ಹೋದ್ಮೇಲೆ ನಾನೂ ಅದನ್ನ ಕನಸು ಅಂದ್ಕೊಂಬಿಡ್ತೀನಿ.”

ನಿಜಕ್ಕೂ ನಾನು ಕೂಡ ಅದನ್ನು ನಂಬಿರಲಿಲ್ಲ. ಅಜ್ಜಿಯ ಕತೆಯಲ್ಲಿ ಮೊಸಳೆಗೆ ಮದುವೆಯಾಗುತ್ತದೆ, ಚಂದ್ರ ಬಾವಿಗೆ ಬಿದ್ದು ನೆಗಡಿ ಹಿಡಿಸಿಕೊಳ್ಳುತ್ತಾನೆ. ಅಂಗೈಯೂ ಆ ಸಾಲಿಗೆ ಸೇರಿದ್ದೆಂದೇ ಬಿಟ್ಟಿದ್ದೆ. ಆದರೂ ದಾರ ಕಚ್ಚಿ ತುಂಡರಿಸುತ್ತ, “ನಾನು ಹೋಗ್ತೀನಿ ಬಿಡಜ್ಜಿ” ಎಂದೆ.

“ಚಿಕ್ಕಿ ಬೇಡ” ಎಂದಳು ಗುಬ್ಬಿ, ಮೊಬೈಲಿನಿಂದ ತಲೆಯೆತ್ತಿ. “ಕತೇಲಿ ಯಾವಾಗ್ಲೂ ಎಲ್ಲರಿಗಿಂತ ಕಿರಿಯವಳೇ ಹೋಗೋದು. ನಾನು ಹೋಗ್ತೀನಿ. ನಿನ್ನ ಕೈ ಮೇಲೆ ನನ್ನ ಕೈ ಇಟ್ಟು ಬರ್ತೀನಿ ಅಜ್ಜಿ. ಮಾತು ಕೊಟ್ಟೆ.”

ಅಕ್ಕ ನಕ್ಕುಬಿಟ್ಟಳು. “ನೀನಾ? ಏಳು ಅಂತಸ್ತಾ?” ಕೆಟ್ಟ ನಗುವಲ್ಲ ಅದು. ಆದರೆ ಗುಬ್ಬಿಯ ಕಿವಿ ಕೆಂಪಾಯಿತು.

“ಕೊಟ್ಟಾಯ್ತಲ್ಲ” ಎಂದಳು ಅಜ್ಜಿ. “ಇನ್ನು ಬೇರೆಯವರು ಹೋದ್ರೆ ಲೆಕ್ಕಕ್ಕಿಲ್ಲ.”

ಮರುದಿನ ಶಾಲೆಯಿಂದ ಬಂದವಳೇ ಗುಬ್ಬಿ ಮೆಟ್ಟಿಲ ಮೇಲೆ ಓಡಿದಳು. ಎರಡನೇ ಅಂತಸ್ತಿನ ತಿರುವಿನಲ್ಲಿ ಕುಸಿದು ಕುಳಿತಳು. ಅಲ್ಲಿ ಹಗ್ಗದಾಟ ಆಡುವ ಮೂವರು ಹುಡುಗಿಯರು ದಾರಿ ಬಿಟ್ಟು ನಿಂತರು. “ಲಿಫ್ಟ್ ಕೆಟ್ಟಿದ್ದು ಸಾಕು, ಮೆಟ್ಟಿಲಾದ್ರೂ ಉಳಿಸೇ ಟ್ಯಾಂಕರ್!” ಆ ಕೂಗು ನನ್ನ ಯಂತ್ರದ ಸದ್ದನ್ನೂ ದಾಟಿ ಕೇಳಿಸಿತು. ಗುಬ್ಬಿ ಕಂಬಿ ಹಿಡಿದು ಇಳಿದು ಬಂದಳು. ಅಳಲಿಲ್ಲ. ಚೀಲ ಎಳೆದು ಮೂರು ಪ್ಯಾಕೆಟ್ಟು ಮುಗಿಸಿದಳು.

ಅದೇ ವಾರ ಶಾಲೆಗೆ ನರ್ಸಮ್ಮ ಬಂದು ಮಕ್ಕಳನ್ನೆಲ್ಲ ತೂಗಿ, ಬೆರಳು ಚುಚ್ಚಿ ರಕ್ತ ತೆಗೆದುಕೊಂಡಳು. ಗುಬ್ಬಿಯ ಕಾರ್ಡಿನಲ್ಲಿ ಐವತ್ತೊಂದು ಕಿಲೋ ಎಂದಿತ್ತು. ಅಕ್ಕ ಅದನ್ನು ಕನ್ನಡಿಯ ಪಕ್ಕ, ಪ್ರಶಸ್ತಿ ಪತ್ರದ ಹಾಗೆ ಅಂಟಿಸಿದಳು. “ಹುಟ್ಟಿದಾಗ ಎರಡು ಕಿಲೋನೂ ಇರ್ಲಿಲ್ಲ! ಈಗ ನೋಡಿ, ಕ್ಲಾಸಿಗೇ ಫಸ್ಟು!” ಎಂದು ಮೆಟ್ಟಿಲಿಳಿಯುವ ಹೆಂಗಸರನ್ನೆಲ್ಲ ಒಳಗೆ ಕರೆದು ತೋರಿಸಿದಳು. ಅವರೂ ಹೌದೌದು ಎಂದರು. ಅವರ ಮನೆಯಲ್ಲೂ ಅಂಥವೇ ಕಾರ್ಡುಗಳು. ಹಸಿದು ಬೆಳೆದವರ ಕಣ್ಣಿಗೆ ತಕ್ಕಡಿ ಮೇಲೇರಿದಷ್ಟೂ ಹಬ್ಬ.

ಸೋಮವಾರ ನರ್ಸಮ್ಮ ಅಕ್ಕನನ್ನು ಕರೆಸಿದಳು. ಅಕ್ಕ ಅರ್ಧ ದಿನ ರಜೆ ಹಾಕಿ, ನನ್ನನ್ನೂ ಎಳೆದುಕೊಂಡು ಹೋದಳು.

“ಇದು ಮಾರ್ಕ್ಸ್ ಕಾರ್ಡ್ ಅಲ್ಲಮ್ಮ” ಎಂದಳು ನರ್ಸಮ್ಮ ಮೆಲ್ಲಗೆ. “ಈ ವಯಸ್ಸಿಗೆ ತೂಕ ತುಂಬಾ ಜಾಸ್ತಿ. ಉಸಿರು ಸಾಲ್ತಿಲ್ಲ, ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ. ಈಗ್ಲೇ ಹಿಡಿದ್ರೆ ಹಿಂದಕ್ಕೆ ಹೋಗುತ್ತೆ.”

ಅಕ್ಕನ ಮುಖ ಸೀಲು ಬಿದ್ದಂತೆ ಮುಚ್ಚಿತು. ಆಮೇಲೆ ಒಡೆಯಿತು. “ಸಣ್ಣಗಿದ್ರೆ ಊಟ ಹಾಕಲ್ವಾ ಅಂತೀರಿ, ದಪ್ಪಗಿದ್ರೆ ಯಾಕೆ ಹಾಕಿದ್ರಿ ಅಂತೀರಿ. ಬಡವರ ಮಕ್ಕಳು ಯಾವ ಅಳತೇಲಿರ್ಬೇಕು, ಒಂದ್ಸಲ ಬರ್ದು ಕೊಟ್ಬಿಡಿ!”

“ಬೈಯೋಕೆ ಕರೆಸಿಲ್ಲಮ್ಮ. ಈ ಓಣಿಯ ಎಷ್ಟೋ ಮಕ್ಕಳದು ಇದೇ ಕತೆ. ಓಡೋಕೆ ನೆಲ ಇಲ್ಲ, ಹಸಿವಾದ್ರೆ ಪ್ಯಾಕೆಟ್. ನೆಲ ನಾನು ಕೊಡೋಕಾಗಲ್ಲ. ನಿಮ್ಮ ಹತ್ರ ಏನಿದೆ ಹೇಳಿ.”

“ನಮ್ಮ ಹತ್ರ ಏನಿರುತ್ತೆ? ಮೆಟ್ಟಿಲಿದೆ!” ಎಂದಳು ಅಕ್ಕ, ಸಿಟ್ಟಿನಲ್ಲಿ.

“ಸಾಕಲ್ಲ” ಎಂದಳು ನರ್ಸಮ್ಮ.

ಮನೆಗೆ ಬಂದು ಅಕ್ಕ ಕಾರ್ಡನ್ನು ಕಿತ್ತಳು. ಒಂದು ಮೂಲೆ ಗೋಡೆಯಲ್ಲೇ ಉಳಿಯಿತು. ಗುಬ್ಬಿ ಮಲಗಿದ ಮೇಲೆ ಅಕ್ಕ ಅವಳ ಪಾದ ಒತ್ತುತ್ತ ಕುಳಿತಿದ್ದಳು.

ಮರುದಿನ ಅಜ್ಜಿ ಗುಬ್ಬಿಯನ್ನು ಮಂಚಕ್ಕೆ ಕರೆದಳು. “ಎಲ್ಲಿ ತಪ್ಪಿದೆ ಗೊತ್ತಾ? ಮೊದ್ಲು ಓಡಿದೆ, ಆಮೇಲೆ ಕೂತೆ. ಹೊರೆ ಹೊತ್ತವರು ಎರಡೂ ಮಾಡಲ್ಲ.”

“ನಾನೇನು ಹೊತ್ತಿದೀನಿ?”

“ನಾನು ತಲೆ ಮೇಲೆ ಹೊತ್ತಿದ್ದೆ, ನೀನು ಮೈ ಮೇಲೆ ಹೊತ್ತಿದೀಯ. ಹೊರೆ ಅಂದ್ರೆ ಹೊರೆ, ಅದಕ್ಕೇನು ನಾಚಿಕೆ? ಕೇಳು. ಹೆಜ್ಜೆ ಎತ್ತೋವಾಗ ಉಸಿರು ಬಿಡು. ತಿರುವಲ್ಲಿ ನಿಲ್ಲು, ಗೋಡೆಗೆ ಒರಗು, ಕೂರ್ಬೇಡ. ಕೂತ್ರೆ ಹೊರೆ ಎರಡಾಗುತ್ತೆ. ಮೆಟ್ಟಿಲು ಎಣಿಸ್ಬೇಡ, ಕತೆ ಹೇಳು. ನಾವು ಸಾಲಲ್ಲಿ ಹತ್ತೋವಾಗ ಮುಂದಿನವಳು ಕತೆ ಹೇಳೋಳು, ಹಿಂದಿನವರು ಹೂಂ ಅನ್ನೋರು. ಯಾರಿಗಾದ್ರೂ ಹೂಂಗುಟ್ಟೋಕೆ ಉಸಿರಿಲ್ಲ ಅಂದ್ರೆ ಇಡೀ ಸಾಲು ನಿಧಾನ ಆಗೋದು. ಹಂಗೆ ಯಾರನ್ನೂ ಬಿಟ್ಟು ಹೋಗದೆ ಕಟ್ಟಿದ್ದು ಇದನ್ನ.”

ಅಂದಿನಿಂದ ಸಂಜೆಗೊಮ್ಮೆ ನನ್ನ ಯಂತ್ರ ಅರ್ಧ ಗಂಟೆ ಸುಮ್ಮನಾಗತೊಡಗಿತು. ಮುಂದೆ ಗುಬ್ಬಿ, ಹಿಂದೆ ನಾನು. “ಮೊಸಳೆಗೆ ಮದುವೆ ಗೊತ್ತಾಯ್ತಂತೆ.” ಹೂಂ. “ಹೆಣ್ಣು ಹುಡುಕೋಕೆ... ಕಪ್ಪೆ ಹೋಯ್ತಂತೆ.” ಹೂಂ. ಅವಳ ಮಾತು ತುಂಡಾದಲ್ಲಿ ನಿಲ್ಲುವುದು, ಗೋಡೆಗೆ ಒರಗುವುದು, ಇಳಿಯುವುದು. ಮೊದಲ ವಾರ ಎರಡು ಅಂತಸ್ತು. ಎರಡನೇ ವಾರವೂ ಎರಡೇ.

ಮೂರನೇ ವಾರ ಹಗ್ಗದಾಟದ ಹುಡುಗಿಯರಲ್ಲಿ ಒಬ್ಬಳು ತಡೆಯಲಾರದೆ ಕೇಳಿದಳು, “ಏ ಟ್ಯಾಂಕರ್, ಕಪ್ಪೆ ಆಮೇಲೆ ಏನ್ಮಾಡ್ತು?”

“ಮೂರನೇ ಅಂತಸ್ತಿಗೆ ಬಾ, ಹೇಳ್ತೀನಿ. ಆದ್ರೆ ನನ್ನ ಹೆಸ್ರು ಗುಬ್ಬಿ.”

ಅವಳು ಬಂದಳು. ಮರುದಿನ ಮೂವರೂ ಬಂದರು. ನಾಲ್ಕನೇ ಅಂತಸ್ತಿನ ಹೊತ್ತಿಗೆ ಮೆಟ್ಟಿಲ ತುಂಬ ಹೂಂ, ಹೂಂ.

ಚೀಲ ಮಾತ್ರ ಮಂಚದ ಕೆಳಗೇ ಇತ್ತು. ಒಂದು ದಿನ ಗುಬ್ಬಿ ಬೇಡವೆನ್ನುವಳು, ಮರುದಿನ ಎರಡು ಬಿಚ್ಚುವಳು. ಒಮ್ಮೆ ಅಕ್ಕ ತಾನೇ ಬಿಚ್ಚಿ ಕೊಟ್ಟ ಪ್ಯಾಕೆಟ್ಟನ್ನು ಅವಳು ಪಕ್ಕಕ್ಕೆ ಸರಿಸಿದಾಗ ಅಕ್ಕ ಸಿಡಿದಳು. “ದಿನವಿಡೀ ನಿಂತು ತಂದಿದ್ದು ನಿನಗೆ ಕಸ ಆಯ್ತಾ?”

“ಕಸ ಅಲ್ಲಮ್ಮ. ತಿಂದ್ಮೇಲೆ ಹತ್ತಿದ್ರೆ ಕತೆ ಅರ್ಧಕ್ಕೇ ನಿಲ್ಲುತ್ತೆ.”

ಅಕ್ಕ ಪ್ಯಾಕೆಟ್ಟಿನ ಬಾಯಿ ಮಡಿಸಿ ಚೀಲಕ್ಕೆ ಹಾಕಿದಳು.

ಡಾಂಬರಿನ ಹಿಂದಿನ ದಿನ ಶನಿವಾರ. ಅಕ್ಕ ಬರಿಗೈಯಲ್ಲಿ ಬಂದಳು; ಬರಿಗೈ ಎಂದರೆ ಒಂದು ಬಟ್ಟೆಚೀಲದಲ್ಲಿ ಸೌತೆಕಾಯಿ. “ಇವತ್ತು ಒಂದು ಸೀಲೂ ಕೆಡ್ಲಿಲ್ಲ” ಎಂದಳು, ಯಾರ ಮುಖವನ್ನೂ ನೋಡದೆ. ಹನ್ನೊಂದು ವರ್ಷದಲ್ಲಿ ಆ ಯಂತ್ರ ಹಾಗೆ ನಡೆದುಕೊಂಡದ್ದೇ ಇಲ್ಲ.

“ಯಂತ್ರಕ್ಕೂ ಒಂದೊಂದ್ಸಲ ಬುದ್ಧಿ ಬರುತ್ತೆ” ಎಂದಳು ಅಜ್ಜಿ.

ಆ ಹೊತ್ತಿಗೆ ಗುಬ್ಬಿ ಆರು ಅಂತಸ್ತು ಮುಟ್ಟಿದ್ದಳು. ನರ್ಸಮ್ಮನ ತಕ್ಕಡಿಯ ಮುನಿಸು ಪೂರ್ತಿ ಇಳಿದಿರಲಿಲ್ಲ, ಒಂದು ಕಿಲೋ ಅಷ್ಟೇ ಕಡಿಮೆ. ಆದರೆ ಅವಳ ಎದೆಗೆ ಕೊಳವೆ ಇಟ್ಟ ನರ್ಸಮ್ಮ ಉಸಿರನ್ನು ಎರಡು ಸಲ ಕೇಳಿ ನಕ್ಕಿದ್ದಳು.

ಭಾನುವಾರ ಗೋದಾಮಿಗೆ ರಜೆ, ಓಣಿಯಲ್ಲಿ ಲಾರಿಯಿಲ್ಲ. ಅಕ್ಕ ಓಣಿಯ ನಡುವೆ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತಳು. ಗುಬ್ಬಿ ಒಂದು ಸಲ ತಿರುಗಿ ನೋಡಿ ಮೆಟ್ಟಿಲಿಗೆ ಕಾಲಿಟ್ಟಳು. ಹಿಂದೆ ನಾನು, ನನ್ನ ಹಿಂದೆ ಹಗ್ಗದಾಟದ ಮೂವರು.

ಐದನೇ ತಿರುವಿಗೆ ಬಿಸಿ ಡಾಂಬರಿನ ವಾಸನೆ ಇಳಿದು ಬಂತು. ಆಗಲೇ ಶುರು ಮಾಡಿಬಿಟ್ಟಿದ್ದರು! ಗುಬ್ಬಿಯ ಕಾಲು ಓಡಲು ಎದ್ದಿತು. ಒಂದು ಕ್ಷಣ ಅಷ್ಟೇ. ಗೋಡೆಗೆ ಒರಗಿದಳು, ಉಸಿರು ಬಿಟ್ಟಳು. “ಬಾವಿಯಲ್ಲಿದ್ದ ಚಂದ್ರ ಕೂಗಿದ್ನಂತೆ, ನನ್ನನ್ನ ಎತ್ತೋರು ಯಾರಾದ್ರೂ ಇದೀರಾ ಅಂತ. ಹೂಂ ಅನ್ನು ಚಿಕ್ಕಿ!”

ನನಗೆ ಆಗಲಿಲ್ಲ. ಇಡೀ ದಿನ ಕುಳಿತು ಹೊಲಿಯುವವಳು ನಾನು; ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಗುಬ್ಬಿ ನನ್ನನ್ನು ನೋಡಿದಳು, ಮೇಲಿನ ಮೆಟ್ಟಿಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. “ನಿಧಾನಕ್ಕೆ ಹೋಗೋಣ” ಎಂದಳು.

ಛಾವಣಿಯ ಬಾಗಿಲಲ್ಲಿ ಬೀಗದ ಮಾವ ಕೈ ಅಡ್ಡ ಹಿಡಿದ. “ಮಕ್ಕಳು ಬರೋ ಹಾಗಿಲ್ಲ, ಕೈಕಾಲು ಸುಟ್ಕೋತೀರಾ.” ಅರ್ಧ ಛಾವಣಿ ಆಗಲೇ ಕಪ್ಪಗೆ ಹೊಳೆಯುತ್ತಿತ್ತು. ಉದ್ದ ಕೋಲಿನ ಕುಂಚ ಹಿಡಿದ ಹೆಂಗಸೊಬ್ಬಳು ತೊಟ್ಟಿಯ ಕಡೆಗೆ ಬಳಿಯುತ್ತ ಸಾಗಿದ್ದಳು.

“ಅಲ್ಲಿ ನಮ್ಮಜ್ಜಿ ಕೈ ಇದೆ!” ಎಂದು ಕೂಗಿದಳು ಗುಬ್ಬಿ.

ಹೆಂಗಸು ಕುಂಚ ನಿಲ್ಲಿಸಿದಳು. “ಕೈನಾ?”

“ಇದನ್ನ ಕಟ್ಟಿದ್ದು ಅವಳೇ. ಇಟ್ಟಿಗೆ ಹೊತ್ತಿದ್ದು.”

ಹೆಂಗಸು ತಲೆಗೆ ಸುತ್ತಿದ ಬಟ್ಟೆಯನ್ನು ಸರಿ ಮಾಡಿಕೊಳ್ಳುತ್ತ ಯೋಚಿಸಿದಳು. “ಈ ಕಡೆಯಿಂದ ಹೋಗು, ಇಲ್ಲಿನ್ನೂ ಬಳಿದಿಲ್ಲ. ಇದ್ರೆ ಅಂಗೈಯಷ್ಟು ಜಾಗ ಬಿಟ್ಟು ಬಳಿತೀನಿ. ಇಲ್ಲಾಂದ್ರೆ ಎದ್ದು ಬಾ, ಡಾಂಬರು ತಣ್ಣಗಾಗುತ್ತೆ.” ಬೀಗದ ಮಾವ ಗೊಣಗುತ್ತ ಕೈ ಇಳಿಸಿದ.

ತೊಟ್ಟಿ ನಿಂತದ್ದು ಗೇಣೆತ್ತರದ ನಾಲ್ಕು ಗಿಡ್ಡ ಕಾಲುಗಳ ಮೇಲೆ. ಗುಬ್ಬಿ ಆ ಸಂದನ್ನು ನೋಡಿದಳು, ತನ್ನನ್ನು ನೋಡಿಕೊಂಡಳು. “ಹಿಡಿಸ್ತೀನಾ ಚಿಕ್ಕಿ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಉಸಿರು ಪೂರ್ತಿ ಬಿಟ್ಟು, ತೆವಳಿದಳು. ಭುಜ ಹೋಯಿತು. ಸೊಂಟ ಸಿಕ್ಕಿಕೊಂಡಿತು, ಒಮ್ಮೆ ಮಿಸುಕಿತು, ಹೋಯಿತು. ಒಳಗಿನಿಂದ ಧೂಳು ಉಜ್ಜುವ ಸದ್ದು.

“ಗುಬ್ಬಿ?”

“ಇದೆ” ಎಂದಳು, ಪಿಸುಮಾತಿನಲ್ಲಿ.

ನಾನು ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದೆ. ಪುಟ್ಟ ಅಂಗೈ. ನಾಲ್ಕು ಬೆರಳು ಸ್ಪಷ್ಟ, ಹೆಬ್ಬೆರಳು ಅರ್ಧ ತುಂಬಿಹೋಗಿದೆ. ಹೊಟ್ಟೆಗಿಲ್ಲದೆ ಬೆಳೆದ ಹುಡುಗಿಯ ಕೈ. ಹದಿನಾಲ್ಕು ವರ್ಷದ್ದೆಂದು ಯಾರೂ ಹೇಳರು.

“ಅಜ್ಜಿ ಇಷ್ಟು ಪುಟ್ಟಿ ಇದ್ಳಾ ಚಿಕ್ಕಿ? ಇಷ್ಟು ಪುಟ್ಟಿ ಅಷ್ಟೊಂದು ಹೊತ್ತಿದ್ಳಾ?”

ಹಗ್ಗದಾಟದ ಹುಡುಗಿಯರು ಅಷ್ಟರಲ್ಲೇ ಎದೆಯೆತ್ತರದ ಅಡ್ಡಗೋಡೆಗೆ ಓಡಿ ಬಾಯಿಗೆ ಕೈ ಕಟ್ಟಿ ಕೂಗುತ್ತಿದ್ದರು: “ಅಜ್ಜೀ, ಇದೆಯಂತೇ! ಗುಬ್ಬಿ ಕೈ ಇಡ್ತಿದಾಳಂತೇ!”

ತೊಟ್ಟಿಯ ಕೆಳಗೆ ಗುಬ್ಬಿ ತನ್ನ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು, ಆ ಗುರುತಿನ ಮೇಲೆ ಬೆರಳಿಗೆ ಬೆರಳು ಹೊಂದಿಸಿ ಇಟ್ಟಳು.

ಏಳು ಅಂತಸ್ತು ಕೆಳಗಿನಿಂದ, ಒಂದಿಷ್ಟೂ ಏದುಸಿರಿಲ್ಲದೆ, ಅಜ್ಜಿಯ ದನಿ ಬಂತು.

“ಹೂಂ!”