ಗೇಲಿನೆಂಟನ ಅರಿಕೆ

ಖಂಡದ ಮಾನವ ಹಕ್ಕು ನ್ಯಾಯಾಲಯದ ಮೇಲೆ ನಿವೃತ್ತ ಮೇಷ್ಟ್ರು ಲಾಸಿನಾ ತೊಯೆಗಿದ್ದ ತಕರಾರುಗಳು ಅವರ ಬಡಾವಣೆಗೆಲ್ಲ ಬಾಯಿಪಾಠವಾಗಿದ್ದವು. ಮಾವಿನಮರದ ಕೆಳಗೆ ಹೆಂಗಸರು ಜೋಳದ ಹೆಂಡ ಮಾರುವ ಜಾಗದಲ್ಲಿ, ಕೈಯಲ್ಲೊಂದು ಸೋರೆಬುರುಡೆ ಹಿಡಿದು ಅವರು ಶುರುಮಾಡಿದರೆಂದರೆ ಪಕ್ಕದವರು ಮುಂದಿನ ಸಾಲನ್ನು ತಾವೇ ಹೇಳಿಬಿಡುತ್ತಿದ್ದರು. ಆ ನ್ಯಾಯಾಧೀಶರನ್ನು ಆರಿಸಿದವರು ಯಾರು? ಎರಡು ವಿಮಾನ ಬದಲಿಸಿ ಹೋಗಬೇಕಾದ ಊರಲ್ಲಿ ಕೂತವರಿಗೆ ನಮ್ಮ ಜಗಳ ನಮ್ಮ ಭಾಷೆಯಲ್ಲಿ ಕೇಳಿಸುತ್ತದೆಯೇ? ತೀರ್ಪು ಕೊಟ್ಟರೂ ಅದನ್ನು ಜಾರಿ ಮಾಡಲು ಅವರ ಬಳಿ ಒಬ್ಬ ಪೇದೆಯಾದರೂ ಇದ್ದಾನೆಯೇ? ಅದೊಂದು ಹಲ್ಲು ಕಿತ್ತ ಹಾವು, ಬುಸುಗುಟ್ಟುವುದು ಮಾತ್ರ ನಾಲ್ಕು ಭಾಷೆಗಳಲ್ಲಿ ಎಂಬುದು ಅವರ ಸಿದ್ಧಾಂತ. ಸರ್ಕಾರದ ರೇಡಿಯೊ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು. ಮೇಷ್ಟ್ರಷ್ಟು ಚೆನ್ನಾಗಿ ಹೇಳಲು ಅದಕ್ಕೆ ಬರುತ್ತಿರಲಿಲ್ಲ.

ಆ ನ್ಯಾಯಾಲಯದ ಎದುರಿಗೆ ಮೇಷ್ಟ್ರು ಇಡುತ್ತಿದ್ದದ್ದು ಗೇಲಿಯ ನಂಟನ್ನು. ಅವರು ಸಾಮೊ ಕುಲದವರು. ಸಾಮೊಗಳಿಗೂ ಮೋಸಿಗಳಿಗೂ ಅಜ್ಜಂದಿರ ಕಾಲದಿಂದ ಈ ನಂಟು. ಸಾಮೊ ಕಂಡರೆ ಮೋಸಿ ‘ನನ್ನ ಗುಲಾಮ, ನಾಯಿತಲೆ ತಿನ್ನೋನೆ’ ಎನ್ನಬೇಕು. ಸಾಮೊ ಅದಕ್ಕೆ ಸರಿಯಾಗಿ ತಿರುಗಿಸಿ ಕೊಡಬೇಕು. ಯಾರೂ ಕೋಪಿಸಿಕೊಳ್ಳುವ ಹಾಗಿಲ್ಲ. ಒಬ್ಬರ ರಕ್ತ ಇನ್ನೊಬ್ಬರು ಚೆಲ್ಲುವ ಹಾಗಿಲ್ಲ. ಮೋಸಿಯ ಮನೆಯಲ್ಲಿ ಸಾವಾದರೆ ಗೇಲಿನೆಂಟ ಹೋಗಿ, ಸತ್ತವನ ಅಂಗಿ ತೊಟ್ಟು, ಅವನ ಕೆಮ್ಮು ಕೆಮ್ಮಿ, ತೋಡಿದ ಗುಂಡಿಯಲ್ಲಿ ತಾನೇ ಮಲಗಿ, ಒಂದು ಮೇಕೆ ಕೊಡದೆ ಏಳೆನೆಂದು ಹಟ ಹಿಡಿಯಬೇಕು. ಅತ್ತು ಸುಸ್ತಾದವರು ಆಗ ನಗುತ್ತಾರೆ. ಆ ನಗು ಬಾರದ ಸಾವು ಮುಗಿದ ಲೆಕ್ಕವಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು: ಗೇಲಿನೆಂಟ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಮುಂದಿಟ್ಟು ಏನನ್ನಾದರೂ ಬೇಡಿದರೆ ಇಲ್ಲ ಎನ್ನುವಂತಿಲ್ಲ. ಈ ಬಲದಿಂದ ಮೇಷ್ಟ್ರು ಎಷ್ಟೋ ಮನೆಗಳ ವ್ಯಾಜ್ಯ ಬಿಡಿಸಿದ್ದರು. ಗುಂಡಿಯಲ್ಲಿ ಮಲಗುವುದರಲ್ಲಂತೂ ಅವರಿಗೆ ಸಾಟಿಯಿರಲಿಲ್ಲ.

ಒಂದು ಮಧ್ಯಾಹ್ನ ಸಚಿವಾಲಯದ ಕಾರು ಅವರ ಅಂಗಳಕ್ಕೇ ಬಂತು. ಇಳಿದವನು ಬಾಜಿಯೆ, ಹಿಂದೆ ಇವರಲ್ಲೇ ಗುಣಾಕಾರ ಕಲಿತವನು, ಈಗ ಕಾನೂನು ಇಲಾಖೆಯ ಕಾರ್ಯದರ್ಶಿ. ಮೇಷ್ಟ್ರ ಎದುರು ಕುರ್ಚಿಯ ತುದಿಯಲ್ಲಿ ಕೂತು ಅವನು ರಸ್ಮಾತಾ ನಿಕಿಯೆಮಾಳ ವಿಷಯ ತೆಗೆದ.

ವಿಷಯ ಮೇಷ್ಟ್ರಿಗೆ ಗೊತ್ತೇ ಇತ್ತು. ರಸ್ಮಾತಾ ಸಂತೆಯಲ್ಲಿ ಸಾರಿಗೆ ಹಾಕುವ ಹುದುಗುಕಾಳಿನ ಉಂಡೆ ಮಾರುವ ಮೋಸಿ ಹೆಂಗಸು. ಅವಳ ಮಗ ಇಸ್ಸೂಫ್ ಮೋಟರ್‌ಸೈಕಲ್ ರಿಪೇರಿಯವನು. ಸರ್ಕಾರದ ವಿರುದ್ಧ ಮೆರವಣಿಗೆ ನಡೆದ ದಿನ ಅವನನ್ನು ಅಂಗಡಿಯಿಂದಲೇ ಪೊಲೀಸರು ಎತ್ತಿಕೊಂಡು ಹೋದರೆಂದು ಬೀದಿಯೆಲ್ಲ ಹೇಳುತ್ತದೆ. ಅಂಥ ಹೆಸರಿನವನನ್ನು ನಾವು ಹಿಡಿದೇ ಇಲ್ಲ, ಅವನು ಎಲ್ಲಿದ್ದಾನೋ ನಮಗೆ ತಿಳಿಯದು ಎಂದು ಸರ್ಕಾರ ಹೇಳುತ್ತದೆ. ಊರಿನ ಕೋರ್ಟುಗಳು ಬಾಗಿಲು ಹಾಕಿಕೊಂಡ ಮೇಲೆ ಅವಳು ಖಂಡದ ನ್ಯಾಯಾಲಯಕ್ಕೆ ಹೋಗಿದ್ದಳು. ಮಗ ಎಲ್ಲಿದ್ದಾನೆ ಹೇಳಿ ಎಂಬುದೊಂದೇ ಅವಳ ಬೇಡಿಕೆ. ತೀರ್ಪು ಹತ್ತಿರ ಬಂದಿತ್ತು.

ಮನೆಯ ಜಗಳ ಬೀದಿಗೆ ಬಿತ್ತು, ಪರದೇಶದವರ ಮುಂದೆ ನಾಡಿನ ಮಾನ ಹೋಗುತ್ತಿದೆ ಎಂದು ಬಾಜಿಯೆ ತೋಡಿಕೊಂಡ. ನಮ್ಮ ಹಿರಿಯರು ಕೊಟ್ಟ ದಾರಿಯಿರುವಾಗ ಆ ಕರಿಗೌನಿನವರ ಗೊಡವೆ ಏಕೆ ಎಂದ. ಅದು ಮೇಷ್ಟ್ರ ಮಾತೇ. ತನ್ನ ಮಾತು ಇನ್ನೊಬ್ಬನ ಬಾಯಲ್ಲಿ ಬಂದಾಗ ಅದರ ತೂಕ ನೋಡುವವರು ಕಡಿಮೆ. ಮೇಷ್ಟ್ರು ಸಂದೂಕದಿಂದ ಒಳ್ಳೆಯ ಟೊಪ್ಪಿ ತೆಗೆದರು.

ರಸ್ಮಾತಾಳ ಅಂಗಳದಲ್ಲಿ ಉಂಡೆಗಳು ತಟ್ಟಿಯ ಮೇಲೆ ಒಣಗುತ್ತಿದ್ದವು. ಬೀದಿಬಾಗಿಲಲ್ಲಿ ಟೊಪ್ಪಿ ಕಂಡದ್ದೇ ಅವಳು ತಲೆಯೆತ್ತಿದಳು.

“ಯಾರದು, ನನ್ನ ಗುಲಾಮನಾ? ತಪ್ಪಿಸ್ಕೊಂಡು ಹೋದೋನು ಸಿಕ್ಕೇ ಇಲ್ವಲ್ಲ ಅಂದ್ಕೊಂಡಿದ್ದೆ.”

“ನೀನು ಮಾಡೋ ಉಂಡೆ ವಾಸನೆ ಎರಡು ಹಳ್ಳ ದಾಟಿ ಬರುತ್ತೆ ಕಣೆ ದಾಸಿ. ಅದಕ್ಕೇ ಓಡಿದ್ದೆ.”

“ಬಾ, ಕೂತ್ಕೊ. ಇವತ್ತು ನಾಯಿತಲೆ ಬೇಯಿಸಿಲ್ಲ. ಹಸಿದ್ರೆ ನಿನ್ನದನ್ನೇ ಬೇಯಿಸ್ಕೋಬೇಕು.”

ಹೀಗೆ ಒಂದಿಷ್ಟು ಹೊತ್ತು ನಡೆಯಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು, ರಸ್ಮಾತಾ ನಗುತ್ತಿದ್ದಾಳೆಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಅವಳು ಶುಂಠಿ ಹಾಕಿದ ಸಜ್ಜೆಹಿಟ್ಟಿನ ಪಾನಕ ಕೊಟ್ಟಳು. ಕುಡಿದಾದ ಮೇಲೆ ಮೇಷ್ಟ್ರು ಟೊಪ್ಪಿ ತೆಗೆದು, ಕೋಲಾ ಕಾಯಿಗಳನ್ನು ಅವಳ ಮುಂದಿಟ್ಟು, ಆ ದೂರದ ಕೋರ್ಟಿನ ವ್ಯಾಜ್ಯ ಬಿಟ್ಟುಬಿಡು ಎಂದು ಬೇಡಿದರು.

ಅವಳ ನಗು ನಿಂತಿತು.

“ಬೇರೆ ಯಾರೇ ಬಂದಿದ್ರೂ ಒನಕೆ ತಗೋತಿದ್ದೆ,” ಎಂದಳು. “ನಿನ್ನನ್ನ ಕಳಿಸ್ಬೇಕು ಅಂತ ಸರ್ಕಾರದೋರಿಗೆ ಹೇಳ್ಕೊಟ್ಟೋರು ಯಾರೋ ಏನೋ. ನೀನು ಕೇಳಿದ್ಮೇಲೆ ಇಲ್ಲ ಅನ್ನಕ್ಕೆ ನನಗೆ ನಾಲಿಗೆ ಇಲ್ಲ. ಆದ್ರೆ ನಿನ್ನ ಕೆಲಸ ನೀನೂ ಮಾಡ್ಬೇಕು. ನನ್ನ ಮಗನ ಅಂಗಿ ತೊಟ್ಕೊಂಡು, ಅವನ ಗುಂಡಿ ಹತ್ರ ಹೋಗಿ ಮಲಕ್ಕೊ. ಮೇಕೆ ಕೇಳು. ಕೊಡ್ತೀನಿ. ಆವಾಗ ಬಿಡ್ತೀನಿ ಕೋರ್ಟು.”

ಮೇಷ್ಟ್ರಿಗೆ ಇದು ನ್ಯಾಯವಾಗಿಯೇ ಕಂಡಿತು. ಸಂಜೆ ಹೋಗಿ ಹೇಳಿದಾಗ ಬಾಜಿಯೆಗೂ ಹಾಗೇ ಕಂಡಿತು. ಅವನೂ ಒಂದು ಕುಲದಲ್ಲಿ ಹುಟ್ಟಿ ಬೆಳೆದವನು. ಗೇಲಿನೆಂಟ ಬಾರದ ಸಾವು ಹುಗಿದರೂ ಹುಗಿದಂತಲ್ಲ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಅಷ್ಟೇನಾ ಮೇಷ್ಟ್ರೆ, ನಾಳೆಯೇ ಜೀಪು ಕಳಿಸುತ್ತೇನೆ ಎಂದ. ಇಬ್ಬರೂ ಕೈ ಕುಲುಕಿದರು. ಒಬ್ಬ ಕಾನೂನು ಓದಿದವನು, ಇನ್ನೊಬ್ಬ ಊರಿಗೆಲ್ಲ ತರ್ಕ ಕಲಿಸಿದವನು. ಒಳ್ಳೆಯ ಕೆಲಸವೊಂದು ಆಯಿತೆಂಬ ಸಮಾಧಾನದಲ್ಲಿ ಇಬ್ಬರ ತಲೆಗೂ ಇನ್ನೇನೂ ಹೊಳೆಯಲಿಲ್ಲ.

ಹೊಳೆದದ್ದು ಜೀಪಿನಲ್ಲಿ. ಮೇಷ್ಟ್ರು ಎಣ್ಣೆಕಲೆಯ ಅಂಗಿ ತೊಟ್ಟು ಮುಂದೆ ಕೂತಿದ್ದರು. ತೋಳು ಉದ್ದವಾಗಿ ಬೆರಳು ಮುಚ್ಚುತ್ತಿತ್ತು. ಹಿಂದೆ ರಸ್ಮಾತಾ, ಅವಳ ಕಾಲ ಬಳಿ ಮೇಕೆ. ಜೀಪು ನಡೆಸುತ್ತಿದ್ದವನು ಒಬ್ಬ ಹೆಡ್‌ಕಾನ್‌ಸ್ಟೆಬಲ್, ಊರಿನ ಮಳೆಬೆಳೆ ಮಾತಾಡುವ ಸರಳ ಮನುಷ್ಯ. ದೊಡ್ಡ ರಸ್ತೆ ಬಿಟ್ಟು ಅವನು ಎಡಕ್ಕೆ ತಿರುಗಿದ. ಮತ್ತೆ ಬಲಕ್ಕೆ. ಹಳೆಯ ಜಲ್ಲಿ ಕ್ವಾರಿಯ ಹಿಂದಿನ ಗಾಡಿದಾರಿಗೆ ಇಳಿದ. ಎಲ್ಲೂ ನಿಲ್ಲಿಸಲಿಲ್ಲ. ಯಾರನ್ನೂ ದಾರಿ ಕೇಳಲಿಲ್ಲ.

ಅಂಥ ಮನುಷ್ಯನನ್ನು ನಾವು ಕಂಡೇ ಇಲ್ಲ ಎಂದು ನ್ಯಾಯಾಧೀಶರಿಗೆ ಬರೆದುಕೊಟ್ಟ ಸರ್ಕಾರಕ್ಕೆ ಅವನ ಗುಂಡಿಯ ದಾರಿ ಇಷ್ಟು ಚೆನ್ನಾಗಿ ಗೊತ್ತು. ಮೇಷ್ಟ್ರು ಹಿಂದಕ್ಕೆ ತಿರುಗಿ ನೋಡಿದರು. ರಸ್ಮಾತಾ ಅವರನ್ನೇ ನೋಡುತ್ತಿದ್ದಳು. ಇದು ಅವಳಿಗೆ ನಿನ್ನೆ ಅಂಗಳದಲ್ಲೇ ಗೊತ್ತಿತ್ತು.

ಜೀಪು ನಿಂತಿತು. ಮೇಕೆ ಅರಚಿಕೊಂಡಿತು. ಮುಳ್ಳುಗಿಡಗಳ ನಡುವೆ ನೆಲ ಸಮತಟ್ಟಾಗಿರಲಿಲ್ಲ; ಶೇಂಗಾ ಹಾಕಲು ಏರಿ ಎಬ್ಬಿಸಿದ ಹೊಲದ ಹಾಗೆ ಉಬ್ಬಿತ್ತು. ಇಲ್ಲಿ ಯಾರು ಬೇಸಾಯ ಮಾಡುತ್ತಾರೆ ಎಂದು ಮೇಷ್ಟ್ರು ಒಂದು ಕ್ಷಣ ಯೋಚಿಸಿದ್ದೂ ಉಂಟು. ಕೆಲವು ಉಬ್ಬುಗಳ ಮೇಲೆ ಹುಲ್ಲು ಎದ್ದಿತ್ತು. ಕೆಲವುಗಳ ಮಣ್ಣು ಇನ್ನೂ ಕೆಂಪಗಿತ್ತು.

“ಇಲ್ಲೇ ಯಜಮಾನ್ರೆ,” ಎಂದ ಹೆಡ್‌ಕಾನ್‌ಸ್ಟೆಬಲ್.

“ಯಾವುದಪ್ಪಾ?” ಎಂದರು ಮೇಷ್ಟ್ರು.

“ಅದು ನನಗೆ ಹೇಳಿಲ್ಲ.” ಅವನು ಸಾಲನ್ನು ಒಮ್ಮೆ ಕಣ್ಣಲ್ಲೇ ಅಳೆದ, ಸಂತೆಯಲ್ಲಿ ಕುಂಬಳಕಾಯಿ ನೋಡಿದ ಹಾಗೆ. “ಜಾಗ ತೋರ್ಸು ಅಂದಿದ್ರು ಅಷ್ಟೆ. ಯಾವುದಾದ್ರೂ ಒಂದು ನೋಡ್ಕೊಳ್ಳಿ. ಆ ಕಡೆಯವು ಈ ವರ್ಷದ್ದು.”

ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಮುದುಕರು ದೂರ ನಡೆಯದಿರಲಿ ಎಂಬ ಕನಿಕರವೇ ಇತ್ತು. ಮೇಷ್ಟ್ರಿಗೆ ತಡೆಯಲಾಗದ್ದು ಅದು.

“ಮಲಕ್ಕೊ,” ಎಂದಳು ರಸ್ಮಾತಾ.

ಮೇಷ್ಟ್ರು ಕದಲಲಿಲ್ಲ.

“ಮಲಕ್ಕೊಳೋ ನಾಯಿತಲೆ ತಿನ್ನೋನೆ. ಮೇಕೆ ತಂದಿದೀನಿ. ಯಾವ ಗುಂಡಿ ಬೇಕು? ಆರಿಸ್ಕೊ. ನಿನ್ನಂಥ ಗುಲಾಮನಿಗೆ ಇಷ್ಟೊಂದು ಹಾಸಿಗೆ ಯಾವ ಒಡೆಯ ಹಾಸಿದ್ದಾನೆ? ಮಾತಾಡು. ಬಾಯಿ ಬಿದ್ದೋಯ್ತಾ?”

ಗೇಲಿಗೆ ಗೇಲಿ ಕೊಡಬೇಕು, ಅದು ಕಟ್ಟಳೆ. ಮೇಷ್ಟ್ರು ಬಾಯಿ ತೆರೆದರು. ಎಪ್ಪತ್ತು ದಾಟಿದ ಆ ಬಾಯಲ್ಲಿ ಮೋಸಿಗಳ ಮೇಲಿನ ಬೈಗುಳ ಕಣಜದಷ್ಟಿತ್ತು. ಒಂದು ಕಾಳೂ ಉದುರಲಿಲ್ಲ. ಗೋಡೆಯಿಲ್ಲದ ಕಡೆ ಗೋಡೆ ಹುಡುಕುವವರಂತೆ ಕೈ ಚಾಚಿ, ಕೊನೆಗೆ ಜೀಪಿನ ಬಾಗಿಲು ಹಿಡಿದರು.

ರಸ್ಮಾತಾ ಹತ್ತಿರ ಬಂದಳು. ಈಗ ಅವಳ ದನಿ ಬೇರೆಯಾಗಿತ್ತು.

“ಮೇಷ್ಟ್ರೆ, ಉತ್ತರ ಕೊಡಲಾರದ ಗೇಲಿನೆಂಟ ಸೋತ ಹಾಗೆ. ಸೋತೋರು ಗೆದ್ದೋರು ಕೇಳಿದ್ದು ಕೊಡ್ಬೇಕು. ಅಲ್ವಾ?”

“ಹೌದಮ್ಮ.”

“ನಿಮ್ಮ ಅರಿಕೆ ವಾಪಸ್ ತಗೊಳ್ಳಿ.”

ಗೇಲಿನೆಂಟ ತನ್ನ ಬೇಡಿಕೆಯನ್ನು ತಾನೇ ಹಿಂದೆಗೆದುಕೊಂಡದ್ದನ್ನು ಮೇಷ್ಟ್ರು ಯಾರ ಬಾಯಲ್ಲೂ ಕೇಳಿರಲಿಲ್ಲ. “ತಗೊಂಡೆ,” ಎಂದರು. ಆ ಮಾತು ಸಾಲದೆನಿಸಿತೋ ಏನೋ, ಹೆಡ್‌ಕಾನ್‌ಸ್ಟೆಬಲ್ ಕಡೆ ತಿರುಗಿ, “ನೀನೂ ಕೇಳಿಸ್ಕೊಂಡ್ಯಲ್ಲ?” ಎಂದರು. ಅವನು ಕೇಳಿಸಿಕೊಂಡಿದ್ದ. ಅರ್ಥವಾಗಿರಲಿಲ್ಲ. ಬಿಸಿಲೇರುವ ಮೊದಲು ಹೊರಟರೆ ಒಳ್ಳೆಯದು ಎಂದ.

ವಾಪಸು ಬರುವಾಗ ಮೇಷ್ಟ್ರು, ರಸ್ಮಾತಾ ಇಬ್ಬರೂ ಮನೆಗೆ ಹೋಗಲಿಲ್ಲ. ಸಂತೆಯ ಮೂಲೆಯಲ್ಲಿ ಇಳಿದು, ರಸ್ಮಾತಾಳ ವಕೀಲೆ ಓರ್ಟಾನ್ಸ್ ಸೊಮ್ದಾಳ ಕಚೇರಿಯ ಮೆಟ್ಟಿಲು ಹತ್ತಿದರು. ಸತ್ತವನ ಅಂಗಿಯಲ್ಲಿ ಬಂದ ಮುದುಕನನ್ನು ನೋಡಿ ಆಕೆ ಏನೂ ಕೇಳಲಿಲ್ಲ, ಆ ಊರಿನವಳಲ್ಲವೇ. ನಡೆದದ್ದನ್ನು ಮೇಷ್ಟ್ರು ಹೇಳಿದರು. ನಿನ್ನೆಯ ಕಾರು, ಕೈ ಕುಲುಕಿದ್ದು, ದಾರಿ ಕೇಳದ ಚಾಲಕ, ಎಲ್ಲವನ್ನೂ.

ವಕೀಲೆ ಇದರ ಬೆಲೆ ಮುಚ್ಚಿಡಲಿಲ್ಲ. ನೀವು ಸಾಕ್ಷಿ ಹೇಳಿದರೆ ಬಾಜಿಯೆಯ ಕುರ್ಚಿ ಹೋದೀತು, ನಿಮ್ಮ ಬಾಗಿಲಿಗೂ ಜೀಪು ಬಂದೀತು ಎಂದಳು. ನ್ಯಾಯಾಲಯ ನಮ್ಮ ಪರ ಹೇಳಿದರೂ ಸರ್ಕಾರ ಅದಕ್ಕೆ ಅಧಿಕಾರವೇ ಇಲ್ಲವೆನ್ನುತ್ತದೆ. ಆ ನ್ಯಾಯಾಲಯಕ್ಕೆ ಸಹಿ ಹಾಕಿದ ಒಪ್ಪಂದದಿಂದಲೇ ಹೊರಗೆ ಬಂದರೂ ಬಂದೀತು. ಗುದ್ದಲಿ ಹಿಡಿದು ಅಲ್ಲಿಂದ ಯಾರೂ ಇಳಿಯುವುದಿಲ್ಲ ಮೇಷ್ಟ್ರೆ, ಇದು ನಿಮಗೆ ತಿಳಿದಿರಲಿ.

“ತಿಳಿದಿದೆ ತಾಯಿ. ಅದನ್ನೇ ಊರ ತುಂಬ ಹೇಳ್ಕೊಂಡು ತಿರುಗಿದ್ದು ನಾನು. ಅದ್ರಲ್ಲಿ ಒಂದಕ್ಷರಾನೂ ಸುಳ್ಳಲ್ಲ.” ಮೇಷ್ಟ್ರು ಮೇಜಿನ ಮೇಲಿದ್ದ ಪೆನ್ನನ್ನು ಅವಳ ಕಡೆಗೆ ಸರಿಸಿದರು. “ಬರ್ಕೊಳ್ಳಿ.”

ವಕೀಲೆ ಬರೆದುಕೊಳ್ಳತೊಡಗಿದಳು. ಕ್ವಾರಿ ಯಾವ ದಿಕ್ಕು, ಗಾಡಿದಾರಿ ಎಲ್ಲಿ ಒಡೆಯುತ್ತದೆ, ಕೆಂಪುಮಣ್ಣು ಯಾವ ಕಡೆಗೆ. ಮೇಷ್ಟ್ರು ಪಾಠ ಒಪ್ಪಿಸಿದಂತೆ ಒಪ್ಪಿಸಿದರು.

“ಗುಂಡಿಗಳು ಎಷ್ಟಿದ್ವು?” ಎಂದು ವಕೀಲೆ ಕೇಳಿದಳು.

ಊರಿನ ಮೂರು ತಲೆಮಾರಿಗೆ ಎಣಿಕೆ ಕಲಿಸಿದವರು ಎರಡು ಬೆರಳು ಮಡಚಿ ಅಲ್ಲಿಗೇ ಬಿಟ್ಟರು. ಮೊದಲನೆಯದರಿಂದ ಎರಡನೆಯದಕ್ಕೆ ಅವರ ಕಣ್ಣು ಹೋಗಿತ್ತು. ಮೂರನೆಯದಕ್ಕೆ ಹೋಗಲು ಒಪ್ಪಿರಲಿಲ್ಲ.

“ನಾನು ಎಣಿಸಿದೀನಿ,” ಎಂದಳು ರಸ್ಮಾತಾ.