ಗೋಡೌನಿನಲ್ಲಿ ಜನ ಇರುವುದಿಲ್ಲ

“ಕೋಲು ನೆಟ್ಟಗೆ ಹಿಡಿಯೇ! ಎಮ್ಮೆ ನಿಂತಂಗೆ ನಿಂತಿದೀಯಲ್ಲ, ಮೈಮೇಲೆ ಗ್ಯಾನ ಇಲ್ವಾ?”

ನೀರು ಅಳೆಯಲು ಬಂದಿದ್ದ ಸರ್ಕಾರಿ ಸಾಹೇಬ ಹಳ್ಳದ ದಂಡೆಯ ಮೇಲಿಂದ ಕೂಗಿದ. ತೊಡೆಮಟ್ಟದ ನೀರಿನಲ್ಲಿ ನಾನು ಅವನ ಅಳತೆಗೋಲು ಹಿಡಿದು ನಿಂತಿದ್ದೆ. ಇಳಿಯಬೇಕಾದವನು ಅವನು. ಬೂಟು ಹೊಸದಂತೆ. ಅದಕ್ಕೇ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಜಾಲಿಸುತ್ತಿದ್ದ ನನ್ನನ್ನು ಕರೆಸಿ ಇಳಿಸಿದ್ದ.

“ಈ ಜನಕ್ಕೆ ಏನೂ ಆಗಲ್ಲ ಸಾರ್. ಮುಳುಗಿಸಿದ್ರೂ ಸಾಯಲ್ಲ,” ಎಂದು ಕಾರ್ಖಾನೆಯ ಧಣಿ ಅವನಿಗೆ ಕೊಡೆ ಹಿಡಿದು ಹಲ್ಲು ಕಿರಿದ.

ಹೋದ ಮಳೆಗಾಲದಲ್ಲಿ ನನ್ನ ಓರಗಿತ್ತಿ ಇದೇ ಜಾಗದಲ್ಲಿ ಕೊಚ್ಚಿಹೋಗಿದ್ದಳು. ಮೂರನೇ ದಿನ ಹೆಣ ಸಿಕ್ಕಿತು. ಪೊಲೀಸರು ಬಂದು ಕಾಲು ಜಾರಿ ಬಿದ್ದು ಸಾವು ಎಂದು ಬರೆದುಕೊಂಡು ಹೋದರು. ನೆರೆಯ ಹೆಸರೇ ಎತ್ತಲಿಲ್ಲ. ಈಗ ಈ ಸಾಹೇಬ ನೆರೆ ಬಂದರೆ ಎಲ್ಲೆಲ್ಲಿ ಎಷ್ಟು ಜನ ಸಾಯಬಹುದು, ಎಷ್ಟು ಜನರ ಕೈಕಾಲು ಮುರಿಯಬಹುದು ಎಂದು ಲೆಕ್ಕ ಹಾಕಲು ಬಂದಿದ್ದ. ಅಪಾಯ ಹೆಚ್ಚಿರುವ ಕಡೆ ತಡೆಗೋಡೆ ಕಟ್ಟುತ್ತಾರಂತೆ.

ದಂಡೆಗೆ ಒತ್ತಿಕೊಂಡೇ ಧಣಿ ಕೆಲಸದವರಿಗೆ ಇರಲು ಕೊಟ್ಟ ನಮ್ಮ ತಗಡಿನ ಶೆಡ್ಡುಗಳು. ಸಾಹೇಬ ಮೂಗಿಗೆ ಕರ್ಚೀಫು ಒತ್ತಿ ನಮ್ಮದರೊಳಗೆ ಇಣುಕಿದ. ಪಾರ್ಶ್ವವಾಯು ಬಡಿದ ಅತ್ತೆ ಮಂಚದ ಮೇಲಿದ್ದಳು.

“ಯಾರೇ ಅದು?”

“ನೀರು ಅಳೆಯೋರು ಅತ್ತೆ. ಎಷ್ಟ್ ಜನ ಸಾಯ್ತೀವಿ ಅಂತ ಬರ್ಕೊಳ್ತಾರಂತೆ.”

“ಹೋದ ವರ್ಷ ಎಲ್ಲಿ ಸತ್ತಿದ್ರಂತೆ ಮುಂಡೇಮಕ್ಳು?”

ಸಾಹೇಬ ಕೇಳಿಸದವನಂತೆ ಬರೆಯತೊಡಗಿದ. ಕೂಡಿಸಿ ಓದುವಷ್ಟು ಅಕ್ಷರ ನನಗೂ ಬರುತ್ತದೆ. ನೀರಿನ ಆಳ ಬರೆದ, ವೇಗ ಬರೆದ. ವಾಸವಿರುವ ಜನ ಎಂಬಲ್ಲಿ ಸೊನ್ನೆ ಸುತ್ತಿದ.

“ಸಾಹೇಬ್ರೆ, ನಲವತ್ತೊಂದು ಜನ ಇದೀವಿ ಇಲ್ಲಿ.”

“ದಾಖಲೇಲಿ ಇದು ನೂಲಿನ ಗೋಡೌನು. ಗೋಡೌನಲ್ಲಿ ಜನ ಇರಲ್ಲ.”

“ಮತ್ತೆ ಮಂಚದ ಮೇಲೆ ಬಿದ್ದಿರೋದು ನೂಲಿನ ಮೂಟೆನಾ?”

“ಬಾಯ್ ಮುಚ್ಚೇ ಬೇವರ್ಸಿ!” ಧಣಿ ಎಗರಿದ. “ನಾಳೆಯಿಂದ ಕೆಲಸ ಬೇಕೋ ಬೇಡ್ವೋ?”

ಸಾಹೇಬ ದಡ್ಡರಿಗೆ ಪಾಠ ಹೇಳುವವನಂತೆ ನಿಧಾನವಾಗಿ ಹೇಳಿದ: “ನೋಡಮ್ಮ, ನೀರೂ ಇರಬೇಕು, ಜನಾನೂ ಇರಬೇಕು, ಆಗಲೇ ಅಪಾಯ. ಬರೀ ನೀರಿದ್ರೆ ಅಪಾಯ ಅಲ್ಲ.”

ಆಮೇಲೆ ಇಬ್ಬರೂ ದಿಬ್ಬದ ಮೇಲಿನ ಧಣಿಯ ಬಂಗಲೆಗೆ ಹೋಗಿ ಕಾಫಿ ಕುಡಿದರು. ಅಲ್ಲಿ ಆರು ಜನ, ಅದರಲ್ಲಿ ಒಬ್ಬರು ವಯಸ್ಸಾದವರು, ಅಪಾಯ ಹೆಚ್ಚು ಎಂದು ಬರೆದನಂತೆ. ಬಂಗಲೆಯ ಅಡುಗೆಯವಳು ಸಂಜೆ ಬಂದು ಹೇಳಿದಳು. ಗೋಡೆ ಕಟ್ಟುವುದು ಬಂಗಲೆಯ ಸುತ್ತ. ಅಲ್ಲಿ ತಡೆದ ನೀರೆಲ್ಲ ನಮ್ಮ ಕಡೆಗೆ.

ಅತ್ತೆ, “ಆ ಮನೆಲಿದ್ರೆ ಜನ ಅಂತ ಲೆಕ್ಕಕ್ಕೆ ತಗೋತಾರೇನೇ?” ಎಂದಳು.

ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಐದನೇ ದಿನ ಬೆಳಿಗ್ಗೆ ನೀರು ಹೊಸ್ತಿಲು ಮುಟ್ಟಿತು. ಯಾರೂ ಯಾರನ್ನೂ ಕೇಳಲಿಲ್ಲ. ನಾವು ನಾಲ್ವರು ಹೆಂಗಸರು ಅತ್ತೆಯ ಮಂಚಕ್ಕೆ ಹೆಗಲು ಕೊಟ್ಟೆವು. ಉಳಿದವರು ಮಕ್ಕಳು ಮರಿ ಎತ್ತಿಕೊಂಡು ಹಿಂದೆ ಬಂದರು. ಕೆಸರುಗಾಲಿನಲ್ಲೇ ಬಂಗಲೆಯ ಹಜಾರಕ್ಕೆ ನುಗ್ಗಿ, ಸೋಫಾ ಪಕ್ಕಕ್ಕೆ ತಳ್ಳಿ ಮಂಚ ಇಳಿಸಿದೆವು.

“ಏಯ್! ಯಾರಪ್ಪನ ಮನೆ ಅಂದ್ಕೊಂಡಿದೀರಾ?” ಧಣಿಯ ದನಿ ಕೀರಲಾಗಿತ್ತು. ಫೋನು ಮಾಡಿದ. ಮಧ್ಯಾಹ್ನ ಬಂದ ಜೀಪಿನಲ್ಲಿ ಇಬ್ಬರು ಪೊಲೀಸರ ಜೊತೆ ಸಾಹೇಬನೂ ಇದ್ದ. ಆ ಹೊತ್ತಿಗೆ ನಮ್ಮ ಶೆಡ್ಡುಗಳ ತಗಡಷ್ಟೇ ನೀರಿನ ಮೇಲೆ ಕಾಣುತ್ತಿತ್ತು. ಪೊಲೀಸರು ಕಿಟಕಿಯಿಂದ ಒಮ್ಮೆ ನೋಡಿ ಟೋಪಿ ತೆಗೆದು ಗೋಡೆಗೆ ಒರಗಿ ನಿಂತರು.

“ಬರ್ಕೋ,” ಎಂದಳು ಅತ್ತೆ ಸಾಹೇಬನಿಗೆ. “ವಯಸ್ಸು ಎಪ್ಪತ್ತು. ಎಡಗಡೆ ಸ್ವಾಧೀನ ಇಲ್ಲ. ಓಡೋಕಾಗಲ್ಲ.”

ಸಾಹೇಬ ಬೂಟು ನೋಡಿಕೊಂಡ.

“ನೀರು ಇಳಿದ ತಕ್ಷಣ ಎಲ್ಲಾ ಜಾಗ ಖಾಲಿ ಮಾಡ್ಬೇಕು,” ಧಣಿ ಕಿರುಚಿದ.

ನಾನು ಎದ್ದು ಹೋಗಿ ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಬೆನ್ನು ಕೊಟ್ಟು ಕೂತೆ.