ಹುಳಿ ಬಿಡದ ಚರಟ

ಮಗಳು ರುಯಿಲಾನ್‌ಗೆ ಹಸಿವೇ ಆಗುತ್ತಿರಲಿಲ್ಲ. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಮದುವೆಯ ಕೆಂಪು ಉಡುಪು ಸೊಂಟದ ಹತ್ತಿರ ಬಿಗಿ ಎಂದು ಅವಳು ಕೆಳಮಹಡಿಯ ಪಾಂಗ್ ಅಕ್ಕನಿಂದ ಮೈ ಇಳಿಸುವ ಕಷಾಯ ತಂದು ಕುಡಿಯತೊಡಗಿದ್ದಳು. ತಾವರೆ ಎಲೆ, ಕಿತ್ತಳೆ ಸಿಪ್ಪೆ, ಒಣಗಿಸಿದ ಶಾನ್‌ಝಾ ಹುಳಿಹಣ್ಣು. ಎಲ್ಲವೂ ಜೀರ್ಣಕ್ಕೆ ಒಳ್ಳೆಯವೇ, ನನ್ನ ಅಜ್ಜಿಯೂ ಕುದಿಸಿಕೊಡುತ್ತಿದ್ದಳು. ಆದರೆ ಅಜ್ಜಿಯ ಕಷಾಯ ಕುಡಿದರೆ ಹಸಿವು ಹೆಚ್ಚುತ್ತಿತ್ತು. ಇವಳು ಬೆಳಗಿನ ಗಂಜಿಯನ್ನೂ ಮುಟ್ಟುತ್ತಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ, ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅಕ್ಕ ತಾನೇ ಕುದಿಸಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ತುಂಬಿ ಕೊಡುತ್ತಿದ್ದಳು. ಒಳಗಿರುವುದು ಕಪ್ಪು ನೀರು. ನೋಡಿದರೆ ಏನು ತಿಳಿಯುತ್ತದೆ?

"ಅಮ್ಮ, ನಿಂಗೆ ಯಾರ ಮೇಲೆ ಡೌಟಿಲ್ಲ ಹೇಳು? ಕೋಳಿ ತರೋಕೆ ಹೋದ್ರೂ ಅದರ ಹೊಟ್ಟೆ ಒತ್ತಿ ನೋಡ್ತೀಯ," ಎಂದಳು ರುಯಿಲಾನ್.

ನಮ್ಮ ಫೋಶಾನ್ ಊರಿನ ಹಳೇ ಬೀದಿಗಳಲ್ಲಿ ಕಷಾಯ ಕುಡಿದವರ ಮನೆಯವರು ಅದರ ಚರಟವನ್ನು ದಾರಿಗೆ ಚೆಲ್ಲುತ್ತಾರೆ. ಹೋಗಿಬರುವವರು ತುಳಿದರೆ ಕಾಯಿಲೆ ಅವರ ಕಾಲಿಗಂಟಿ ಹೋಗುತ್ತದಂತೆ. ನಾನು ನಂಬುವವಳಲ್ಲ. ಆದರೂ ಪಾಂಗ್ ಅಕ್ಕನ ಬಾಗಿಲು ತಟ್ಟಿದೆ.

"ಅಕ್ಕ, ಚರಟ ಕೊಡಿ. ದಾರಿಗೆ ಹಾಕ್ಬೇಕು."

ಆಕೆಯ ನಗು ಅರ್ಧಕ್ಕೇ ನಿಂತಿತು. "ಅಯ್ಯೋ, ಕಾಲೇಜು ಓದಿದೋರು ನೀವು! ಇದನ್ನೆಲ್ಲ ನಂಬ್ತೀರಾ?"

"ಬೀಗರು ನಂಬ್ತಾರೆ."

"ಇವತ್ತಿಂದು ಎಸೆದ್ಬಿಟ್ಟೆ. ನಾಳೆ ಕೊಡ್ತೀನಿ ಬಿಡಿ."

ಮರುದಿನ ಒದ್ದೆ ಪೊಟ್ಟಣವೊಂದನ್ನು ಕೊಟ್ಟಳು. ನಾನದನ್ನು ದಾರಿಗೆ ಒಯ್ಯದೆ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಎಲೆ, ಸಿಪ್ಪೆ, ಹಣ್ಣು, ಹೇಳಿದ್ದೆಲ್ಲ ಇತ್ತು. ನನಗೇ ನಾಚಿಕೆಯಾಯಿತು. ಆಮೇಲೆ ಶಾನ್‌ಝಾದ ಬಿಲ್ಲೆಯೊಂದನ್ನು ಬೆರಳಲ್ಲಿ ಒತ್ತಿದೆ. ಮೆತ್ತಗಾಗಿರಲಿಲ್ಲ. ಬಾಯಿಗೆ ಹಾಕಿಕೊಂಡೆ. ಹಲ್ಲು ಚುಳ್ಳೆನ್ನುವಷ್ಟು ಹುಳಿ.

ಮಗಳನ್ನು ಕರೆದೆ. "ಇದನ್ನ ಅಗಿ."

"ಥೂ, ಚರಟ ತಿನ್ನಿಸ್ತೀಯಾ?"

"ಅಗಿ ಅಂದೆ."

ಅವಳು ಮುಖ ಕಿವುಚಿದಳು. "ಹುಳಿ!"

"ಚೆನ್ನಾಗಿ ಕುದಿಸಿದ ಹಣ್ಣಲ್ಲಿ ಇಷ್ಟು ಹುಳಿ ಉಳಿಯುತ್ತಾ? ನೀರಲ್ಲಿ ಅದ್ದಿ ಕೊಟ್ಟಿದ್ದಾಳೆ ಅಷ್ಟೆ. ಒಲೆ ಕಂಡಿಲ್ಲ ಇದು. ಹಾಗಾದ್ರೆ ನೀನು ಕುಡೀತಿರೋದು ಏನು?"

"ಏನು ಅಂತ ನಿಂಗೆ ಗೊತ್ತಾ?"

"ಗೊತ್ತಿಲ್ಲ. ಯಾವ ಮಾತ್ರೆ ಕದಡಿದ್ದಾಳೋ. ಅದಕ್ಕೇ ಭಯ."

ಜಗಳಕ್ಕೆ ಬಾಯಿ ತೆರೆದವಳು ನನ್ನ ಕೈ ಹಿಡಿದು ತನ್ನ ಕುತ್ತಿಗೆಗೆ ಒತ್ತಿಕೊಂಡಳು. ನಾಡಿ ನನ್ನ ಬೆರಳ ಕೆಳಗೆ ದಡದಡ ಓಡುತ್ತಿತ್ತು.

"ಹೋದ ವಾರದಿಂದ ಹೀಗೇ, ಅಮ್ಮ. ಹೇಳಿದ್ರೆ ಕುಡಿಯೋದು ಬಿಡಿಸ್ತೀಯ ಅಂತ ಸುಮ್ನಿದ್ದೆ."

ನಾನು ಬೈಯಲಿಲ್ಲ. ಉಳಿದ ಪ್ಯಾಕೆಟ್ಟುಗಳನ್ನು ಆಸ್ಪತ್ರೆಯಲ್ಲಿ ತೋರಿಸಲೆಂದು ಕೈಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗ ಪಾಂಗ್ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಿಗೆ ಹೊರಟ್ರಿ, ಅಮ್ಮ ಮಗಳು?"

ನನಗಿಂತ ಮೊದಲು ರುಯಿಲಾನ್ ಹೇಳಿದಳು: "ನಿಮ್ಮ ಕಷಾಯದಲ್ಲಿ ಏನಿದೆ ಅಂತ ಕೇಳ್ಕೊಂಡು ಬರೋಕೆ, ಅಕ್ಕ."

ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿದ್ದದ್ದೂ ಕೇಳಿಸಿತು.